ಅಟ್ಟದ ಗಾಳಿ, ಡಬ್ಬದ ಮುಚ್ಚಳ

ಮನೆಯೊಳಗೆ ಯಾವ ಪದಾರ್ಥವನ್ನು ಎಲ್ಲಿ, ಯಾವುದರಲ್ಲಿ ಇಡಬೇಕು ಎಂಬುದು ಮೇಲ್ನೋಟಕ್ಕೆ ಗೃಹಕೃತ್ಯದ ಸಣ್ಣ ವಿಚಾರವಾಗಿ ತೋರಿದರೂ, ಆ ಏರ್ಪಾಡಿನ ಹಿಂದೆ ಒಂದು ಸೀಮೆಯ ಬೆಳೆ, ಮಳೆ, ಹವೆ ಹಾಗೂ ಮನೆ ಕಟ್ಟುವ ರೀತಿ ಇವೆಲ್ಲವೂ ಸೇರಿಕೊಂಡಿರುತ್ತವೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಈ ಸಂಬಂಧ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಏಕೆಂದರೆ ಇಲ್ಲಿನ ಮುಖ್ಯ ಬೆಳೆಯಾದ ತೆಂಗು ಮಾರುಕಟ್ಟೆಗೆ ಹೋಗುವ ಮೊದಲು ಸುಮಾರು ಒಂದು ವರ್ಷ ಕಾಲ ಮನೆಯಲ್ಲೇ ಉಳಿಯುತ್ತದೆ, ಮತ್ತು ಇಟ್ಟ ಜಾಗದ ಗುಣದಿಂದಲೇ ಕಾಯಿ ಕೊಬ್ಬರಿಯಾಗುತ್ತದೆ. ಬೇರೆ ಸೀಮೆಗಳಲ್ಲಿ ದಾಸ್ತಾನು ಎಂಬುದು ಬೆಳೆ ಕೈಸೇರಿದ ಮೇಲಿನ ಕೆಲಸವಾದರೆ, ಈ ಸೀಮೆಯಲ್ಲಿ ದಾಸ್ತಾನೇ ಬೆಳೆಯ ಕೊನೆಯ ಹಂತ. ಇಂಥ ಮನೆಗಳಿಗೆ ಕಳೆದ ಕೆಲವು ದಶಕಗಳಲ್ಲಿ ಪ್ಲಾಸ್ಟಿಕ್ ಡಬ್ಬ, ಡ್ರಮ್ಮು, ಕ್ರೇಟು, ಮುಚ್ಚಳವಿರುವ ದೊಡ್ಡ ಬಾಕ್ಸುಗಳು ಬಂದು ನೆಲೆಸಿವೆ. ಅವು ತಂದ ಅನುಕೂಲ ದೊಡ್ಡದು. ಆದರೆ ಅವುಗಳನ್ನು ಬಳಸುವಾಗ ಅಟ್ಟ ಕಲಿಸಿದ್ದನ್ನು ಮರೆತರೆ ಆಗುವ ನಷ್ಟವೂ ಸಣ್ಣದಲ್ಲ.

ಉಂಡೆ ಕೊಬ್ಬರಿ ಎಂದರೆ ಕಾಯಿಯನ್ನು ಒಡೆದು ಹೋಳುಮಾಡಿ ಬಿಸಿಲಿಗೆ ಹರವದೆ, ಇಡೀ ಕಾಯಿಯೊಳಗೇ ಒಣಗಿ ಗುಂಡಗೆ ಉಳಿಯುವ ಕೊಬ್ಬರಿ. ಮರದಲ್ಲಿ 11–12 ತಿಂಗಳು ತುಂಬಿ ಚೆನ್ನಾಗಿ ಬಲಿತ ಕಾಯಿಗಳನ್ನು ಕೆಡವಿ, ಮಟ್ಟೆ ಸುಲಿಯದೆ ಅಟ್ಟಕ್ಕೇರಿಸಿ ರಾಶಿ ಹಾಕಲಾಗುತ್ತದೆ. ಈ ಅಟ್ಟದ ತಳ ಇಡಿಯಾದ ಹಲಗೆಯದಲ್ಲ; ತೊಲೆಗಳ ಮೇಲೆ ಬಿದಿರು ಅಥವಾ ಮರದ ಪಟ್ಟಿಗಳನ್ನು ನಡುನಡುವೆ ಸಂದು ಬಿಟ್ಟು ಜೋಡಿಸಿದ್ದು. ಕೆಳಗಿನಿಂದ ಗಾಳಿ, ಅಡುಗೆಮನೆಯ ಬಿಸುಪು, ಕೆಲವು ಕಡೆ ಹದವಾದ ಹೊಗೆ ಈ ಸಂದುಗಳ ಮೂಲಕ ಮೇಲೇರಿ, ಕಾಯಿಗಳ ನಡುವೆ ಹಾದು, ಹೆಂಚಿನ ಸಂದಿಯಿಂದ ಹೊರಹೋಗುತ್ತವೆ. ತಿಂಗಳುಗಳು ಉರುಳಿದಂತೆ ಕಾಯಿಯೊಳಗಿನ ನೀರು ಇಂಗುತ್ತದೆ, ತಿರುಳು ನಿಧಾನವಾಗಿ ಬಿಗಿದುಕೊಂಡು ಕರಟದಿಂದ ಬಿಡಿಸಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಅಲ್ಲಾಡಿಸಿದರೆ ನೀರು ತುಳುಕುವ ಸದ್ದು ಕೊಡುತ್ತಿದ್ದ ಕಾಯಿ, ಎಂಟರಿಂದ ಹನ್ನೆರಡು ತಿಂಗಳ ಹೊತ್ತಿಗೆ ಒಳಗಿನ ಉಂಡೆ ಕರಟಕ್ಕೆ ತಾಕಿ ಲೊಟಲೊಟನೆ ಸದ್ದು ಮಾಡತೊಡಗುತ್ತದೆ. ಆಗ ಅದನ್ನು ಇಳಿಸಿ, ಮಟ್ಟೆ ಸುಲಿದು, ಉಂಡೆಗೆ ಪೆಟ್ಟು ಬೀಳದಂತೆ ಕರಟ ಒಡೆದು ತೆಗೆಯುತ್ತಾರೆ. ಬೆಳೆಗಾರರ ಕೈ ಮತ್ತು ಕಿವಿ ಈ ಸದ್ದಿನಲ್ಲಿ ಪಳಗಿರುತ್ತವೆ.

ಈ ವಿಧಾನ ಇಲ್ಲಿ ಬೇರೂರಲು ಹವೆಯೇ ಕಾರಣ. ಕರಾವಳಿಯ ತೇವದಲ್ಲಿ ಕಾಯಿಯನ್ನು ವರ್ಷದಷ್ಟು ಕಾಲ ಹೀಗೆ ಬಿಡುವುದು ಕಷ್ಟವಾದ್ದರಿಂದ ಅಲ್ಲಿ ಹೆಚ್ಚಾಗಿ ಹೋಳು ಕೊಬ್ಬರಿ, ಅಂದರೆ ಒಡೆದು ಬಿಸಿಲಲ್ಲೋ ಗೂಡಿನಲ್ಲೋ ಒಣಗಿಸಿ ಎಣ್ಣೆಗೆ ಕೊಡುವ ಕೊಬ್ಬರಿ ತಯಾರಾಗುತ್ತದೆ. ಬಯಲುಸೀಮೆಯ ಒಣ ಗಾಳಿ ತಿಪಟೂರಿನ ಕಡೆಗೆ ಉಂಡೆ ಕೊಬ್ಬರಿಯನ್ನು ಸಾಧ್ಯವಾಗಿಸಿದೆ, ಮತ್ತು ಅಲ್ಲಿನ ಎಪಿಎಂಸಿ ದೇಶದ ದೊಡ್ಡ ಕೊಬ್ಬರಿ ಮಾರುಕಟ್ಟೆಗಳಲ್ಲಿ ಒಂದಾಗಿದೆ. ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇದ್ದರೆ, ಒಳ್ಳೆಯ ಉಂಡೆ ಕೊಬ್ಬರಿಯಲ್ಲಿ ತೇವಾಂಶ ಶೇ. 7ನ್ನು ಮೀರಬಾರದು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್ ಉಂಡೆ ಕೊಬ್ಬರಿಗೆ 12,100 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ಆ ಬೆಲೆ ಕೈಗೆ ಬರುವುದೂ ತಪ್ಪುವುದೂ ಅರ್ಧದಿಂದ ಏಳಕ್ಕೆ ಇಳಿಯುವ ಈ ನಿಧಾನದ ದಾರಿಯಲ್ಲೇ ತೀರ್ಮಾನವಾಗುತ್ತದೆ. ಗಾಳಿ ಸಾಲದೆ ಹೋದರೆ ಕೊಬ್ಬರಿ ಬೂಷ್ಟು ಹಿಡಿಯುತ್ತದೆ, ಕೌಟು ವಾಸನೆ ಬರುತ್ತದೆ, ಬೆಲೆ ಬೀಳುತ್ತದೆ.

ಅಟ್ಟ ಕೊಬ್ಬರಿಗೆ ಮೀಸಲಾದರೆ, ಮಿಕ್ಕ ಪದಾರ್ಥಗಳಿಗೆ ಹಳೆಯ ಮನೆಯಲ್ಲಿ ಬೇರೆ ಬೇರೆ ತಾವುಗಳಿದ್ದವು. ರಾಗಿಗೆ ಹಗೇವು, ಅಂದರೆ ನೆಲದಲ್ಲಿ ಅಗೆದು ಬಾಯಿ ಮುಚ್ಚಿ ಮಣ್ಣು ಮೆತ್ತುವ ಧಾನ್ಯದ ಗುಂಡಿ, ಇಲ್ಲವೆ ಮಣ್ಣಿನ ಉರುಳೆಗಳನ್ನು ಒಂದರ ಮೇಲೊಂದು ಕೂರಿಸಿದ ವಾಡೆ. ಬಳಸುವಷ್ಟು ಕಾಳಿಗೆ ಗುಡಾಣ. ಉಪ್ಪು, ಹುಣಸೆ, ಉಪ್ಪಿನಕಾಯಿಗೆ ಪಿಂಗಾಣಿಯ ಭರಣಿ. ಹಾಲು ಮೊಸರಿಗೆ ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವು. ಈರುಳ್ಳಿಗೆ ಬಿದಿರಿನ ಬುಟ್ಟಿ. ದೀಪ, ಬತ್ತಿ, ಬೆಂಕಿಪೊಟ್ಟಣಕ್ಕೆ ಗೋಡೆಯ ಗೂಡು. ಮದುವೆಯ ಸೀರೆ ಮತ್ತು ಜಮೀನಿನ ಪತ್ರಗಳಿಗೆ ಮರದ ಸಂದೂಕ, ಮುಂದೆ ತಗಡಿನ ಟ್ರಂಕು. ಈ ಪಟ್ಟಿಯನ್ನು ಗಮನಿಸಿ ನೋಡಿದರೆ ಒಂದು ವಿವೇಚನೆ ಎದ್ದು ಕಾಣುತ್ತದೆ. ಬುಟ್ಟಿ, ಅಟ್ಟ, ನೆಲುವುಗಳು ಗಾಳಿ ಆಡಬೇಕಾದ ಪದಾರ್ಥಗಳಿಗೆ; ಹಗೇವು, ಭರಣಿಗಳು ಗಾಳಿ ತಾಕಬಾರದ ಪದಾರ್ಥಗಳಿಗೆ; ಸುಟ್ಟ ಮಣ್ಣಿನ ಗುಡಾಣ ಇವೆರಡರ ನಡುವಿನದು, ತನ್ನ ಸೂಕ್ಷ್ಮ ರಂಧ್ರಗಳಿಂದ ತುಸುವೇ ಉಸಿರಾಡುವಂಥದ್ದು. ಪಾತ್ರೆಯ ಹೆಸರು ಹೇಳಿದರೆ ಒಳಗಿನ ಪದಾರ್ಥದ ಸ್ವಭಾವವನ್ನೂ ಹೇಳಿದಂತೆಯೇ ಆಗುತ್ತಿತ್ತು. ಇಂದು ಇಷ್ಟೂ ಪಾತ್ರೆಗಳ ಜಾಗದಲ್ಲಿ ‘ಪ್ಲಾಸ್ಟಿಕ್ ಡಬ್ಬ’ ಎಂಬ ಒಂದೇ ಹೆಸರು ಬಂದು ಕೂತಿರುವುದರಿಂದ, ಪಾತ್ರೆ ಹೇಳುತ್ತಿದ್ದುದನ್ನು ಈಗ ಬಳಸುವವರೇ ತಿಳಿದಿರಬೇಕಾಗಿದೆ.

ಪ್ಲಾಸ್ಟಿಕ್ ಎಂಬುದೂ ಒಂದೇ ವಸ್ತುವಲ್ಲ. ಮನೆಬಳಕೆಯ ಡಬ್ಬಗಳು ಬಹುತೇಕ ಎರಡು ಕುಲಕ್ಕೆ ಸೇರಿದವು. ಮೊದಲನೆಯದು ಪಾಲಿಥೀನ್; 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಅಕಸ್ಮಾತ್ತಾಗಿ ಕಂಡುಬಂದದ್ದು. ಅದರ ಗಡುಸು ರೂಪವನ್ನು 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಸಾಧಿಸಿದರು. ನೀರಿನ ಡ್ರಮ್ಮು, ಕ್ಯಾನು, ಕ್ರೇಟುಗಳು ಈ ಗಡುಸು ಪಾಲಿಥೀನಿನವು. ಎರಡನೆಯದು ಪಾಲಿಪ್ರೊಪಿಲೀನ್, ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಇದರ ಕ್ರಮಬದ್ಧ ರಚನೆಯನ್ನು ರೂಪಿಸಿದರು, ಮತ್ತು ಈ ಇಬ್ಬರೂ 1963ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅಡುಗೆಮನೆಯ ಮುಚ್ಚಳದ ಡಬ್ಬಗಳು, ಒಳಗಿನದು ಮಸುಕಾಗಿ ಕಾಣುವ ಬಾಕ್ಸುಗಳು ಹೆಚ್ಚಾಗಿ ಪಾಲಿಪ್ರೊಪಿಲೀನಿನವು. ಕಾಳಿನಂಥ ಹರಳುಗಳನ್ನು ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿ, ತಣಿದ ಮೇಲೆ ಹೊರತೆಗೆಯುವ ಕ್ರಮದಿಂದ ಒಂದೇ ಅಚ್ಚಿನಲ್ಲಿ ಲಕ್ಷಗಟ್ಟಲೆ ಡಬ್ಬಗಳು ಸಿದ್ಧವಾಗುವುದರಿಂದಲೇ ಅವು ಇಷ್ಟು ಅಗ್ಗ. ಅಮೆರಿಕದ ಅರ್ಲ್ ಟಪ್ಪರ್ 1946ರಲ್ಲಿ ಗಾಳಿ ಒತ್ತಿ ಮುಚ್ಚುವ ಮುಚ್ಚಳದ ಡಬ್ಬಗಳನ್ನು ಮಾರುಕಟ್ಟೆಗೆ ತಂದ ಮೇಲೆ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ಕಿಗೆ ಗೌರವದ ಸ್ಥಾನ ಸಿಕ್ಕಿತು.

ತೆಂಗಿನ ಸೀಮೆಯಲ್ಲಿ ಈ ಡಬ್ಬಗಳು ನೆಲೆಯೂರಿದ್ದಕ್ಕೆ ಮನೆಯ ಬದಲಾವಣೆಯೂ ಕಾರಣ. ಹೆಂಚಿನ ಸೂರು, ಮರದ ತೊಲೆಗಳ ಮನೆ ಹೋಗಿ ಕಾಂಕ್ರೀಟು ತಾರಸಿಯ ಮನೆ ಬಂದಾಗ ಕೊಬ್ಬರಿಗೆ ತೋಟದ ಬಳಿ ಬೇರೆ ಶೆಡ್ಡು ಎದ್ದಿತು, ಮನೆಯೊಳಗೆ ಅಟ್ಟದ ಬದಲು ಗೋಡೆಯಿಂದ ಚಾಚಿದ ಕಾಂಕ್ರೀಟಿನ ಸಜ್ಜಾ ಉಳಿಯಿತು. ಗೋಡೆಯ ಗೂಡುಗಳು ಇಲ್ಲವಾದವು, ನೆಲುವು ಕಟ್ಟಲು ತೊಲೆಯೂ ಇಲ್ಲವಾಯಿತು. ಖಂಡುಗದ ಲೆಕ್ಕದಲ್ಲಿ, ಅಂದರೆ 20 ಕೊಳಗಕ್ಕೊಂದು ಖಂಡುಗವೆಂಬ ಹಳೆಯ ಅಳತೆಯಲ್ಲಿ ವರ್ಷದ ರಾಗಿಯನ್ನು ತುಂಬಿಡುತ್ತಿದ್ದ ಮನೆ ತಿಂಗಳ ದಿನಸಿಗೆ ಅಂಗಡಿಯನ್ನು ನೆಚ್ಚತೊಡಗಿದಾಗ, ಒಂದೆರಡು ಕೆಜಿಯ ಹತ್ತಾರು ಪೊಟ್ಟಣಗಳನ್ನು ಬೇರೆ ಬೇರೆ ಇಡುವ ಅಗತ್ಯ ಹುಟ್ಟಿತು. ಹಗುರವಾದ, ಒಂದರ ಮೇಲೊಂದು ನಿಲ್ಲುವ, ಬಿದ್ದರೆ ಒಡೆಯದ, ಉಪ್ಪು ಹುಳಿಗೆ ತಗಡಿನಂತೆ ತುಕ್ಕು ಹಿಡಿಯದ, ಒಳಗೇನಿದೆಯೆಂದು ಹೊರಗಿನಿಂದಲೇ ತೋರಿಸುವ ಡಬ್ಬ ಆ ಅಗತ್ಯಕ್ಕೆ ಸರಿಯಾಗಿ ಒದಗಿತು. ಭಾರದ ಗುಡಾಣವನ್ನು ಸರಿಸಿ ಗುಡಿಸಲಾರದ ವಯಸ್ಸಾದ ಹೆಂಗಸರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನು, ಹಳೆಯದರ ಹಿರಿಮೆಯನ್ನಷ್ಟೇ ಬರೆಯುವವರು ನೆನೆಯುವುದು ಕಡಿಮೆ.

ಆದರೆ ಪ್ಲಾಸ್ಟಿಕ್ ಡಬ್ಬಕ್ಕೆ ಒಣಗಿಸುವ ಶಕ್ತಿ ಇಲ್ಲ. ಅದು ಹಾಕಿದ್ದನ್ನು ಹಾಕಿದ ಸ್ಥಿತಿಯಲ್ಲೇ ಹಿಡಿದಿಡುತ್ತದೆ, ತೇವವನ್ನೂ ಸೇರಿಸಿ. ಈ ಸಂಗತಿಯನ್ನು ಬೇಸಿಗೆಯಲ್ಲಿ ತಾರಸಿಯ ಮೇಲೆ ಒಣಗಿಸಿದ ಸಂಡಿಗೆಯ ನಿದರ್ಶನದಿಂದ ಚೆನ್ನಾಗಿ ತಿಳಿಯಬಹುದು. ದಿನವಿಡೀ ಬಿಸಿಲು ಕುಡಿದ ಸಂಡಿಗೆಯನ್ನು ಸಂಜೆ, ಇನ್ನೂ ಬಿಸಿಯಾಗಿರುವಾಗಲೇ, ಬಾಕ್ಸಿಗೆ ತುಂಬಿ ಮುಚ್ಚಿದರೆ ಬೆಳಗಿನ ಹೊತ್ತಿಗೆ ಮುಚ್ಚಳದ ಒಳಮೈಯಲ್ಲಿ ಸಣ್ಣ ಸಣ್ಣ ಹನಿಗಳು ಮೂಡಿರುತ್ತವೆ. ಮುಚ್ಚಳ ಎತ್ತಿದಾಗ ಆ ಹನಿಗಳು ಜಾರಿ ಮೇಲಿನ ಸಾಲಿನ ಮೇಲೆ ಬೀಳುತ್ತವೆ, ಹನಿ ಬಿದ್ದೆಡೆ ಸಂಡಿಗೆ ಮೆತ್ತಗಾಗುತ್ತದೆ, ಕೆಲವು ದಿನಗಳಲ್ಲಿ ಅಲ್ಲೇ ಹಸಿರು ಬೂಷ್ಟಿನ ಚುಕ್ಕೆ ಕಾಣಿಸಿಕೊಳ್ಳುತ್ತದೆ. ನೀರು ಹೊರಗಿನಿಂದ ಬಂದದ್ದಲ್ಲ. ಬಿಸಿಗಾಳಿ ತಣ್ಣನೆಯ ಗಾಳಿಗಿಂತ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 30 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹೊರಬಲ್ಲದಾದರೆ 20 ಡಿಗ್ರಿಗೆ ಇಳಿದಾಗ ಅದು ಹೊರಬಲ್ಲದ್ದು 17 ಗ್ರಾಂ ಮಾತ್ರ. ಗಾಳಿಯು ಹೊರಬಲ್ಲ ಆವಿಯಲ್ಲಿ ನಿಜಕ್ಕೂ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕಕ್ಕೆ ಸಾಪೇಕ್ಷ ಆರ್ದ್ರತೆ ಎಂದು ಹೆಸರು. ಬಿಸಿ ಸಂಡಿಗೆ ತನ್ನಲ್ಲುಳಿದ ತೇವವನ್ನು ಡಬ್ಬದ ಗಾಳಿಗೆ ಬಿಟ್ಟುಕೊಡುತ್ತದೆ, ರಾತ್ರಿ ಡಬ್ಬ ತಣಿದಂತೆ ಆರ್ದ್ರತೆ ನೂರಕ್ಕೆ ನೂರು ತಲುಪುತ್ತದೆ, ಮಿಕ್ಕ ಆವಿ ಎಲ್ಲಕ್ಕಿಂತ ಮೊದಲು ತಣಿಯುವ ಮುಚ್ಚಳಕ್ಕೆ ಹನಿಯಾಗಿ ಅಂಟಿಕೊಳ್ಳುತ್ತದೆ. ಅಟ್ಟದಲ್ಲಿ ಇದೇ ಆವಿ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಡಬ್ಬದಲ್ಲಿ ಹೋಗಲು ದಾರಿಯಿಲ್ಲ.

ಆದ್ದರಿಂದ ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಹುರಿದು ಪುಡಿಮಾಡಿದ ಸಾರಿನ ಪುಡಿ ಇವುಗಳನ್ನು ಬಿಸಿಲಿನಿಂದಲೋ ಒಲೆಯಿಂದಲೋ ಇಳಿಸಿದ ಕೂಡಲೇ ಮುಚ್ಚದೆ, ಹತ್ತಿ ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿದ ಮೇಲೆ ತುಂಬಬೇಕು. ತುಂಬಿದ ಮರುದಿನ ಮುಚ್ಚಳ ತೆಗೆದು ಒಳಮೈಯನ್ನು ಬೆರಳಿನಿಂದ ಸವರಿ ನೋಡುವುದು ಯಾವ ಉಪಕರಣವೂ ಬೇಡದ ಪರೀಕ್ಷೆ. ತೇವ ತಾಕಿದರೆ ಮತ್ತೊಂದು ಬಿಸಿಲು ಬೇಕೆಂದೇ ಅರ್ಥ. ತೊಳೆದ ಡಬ್ಬಕ್ಕೂ ಇದೇ ಮಾತು ಸಲ್ಲುತ್ತದೆ. ಮುಚ್ಚಳದ ಅಂಚಿನ ಕಾಲುವೆಯಂಥ ಸಂದಿನಲ್ಲಿ, ಅದರೊಳಗಿನ ರಬ್ಬರ್ ಪಟ್ಟಿಯ ಅಡಿಯಲ್ಲಿ ಉಳಿದ ನೀರು ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲವಾದ್ದರಿಂದ ಪಟ್ಟಿಯನ್ನು ಬಿಡಿಸಿ ಬೇರೆಯಾಗಿ ಒಣಗಿಸುವುದು ಒಳ್ಳೆಯದು.

ಕೊಬ್ಬರಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಟ್ಟದಿಂದ ಇಳಿಸಿ ಒಡೆದ, ಚೆನ್ನಾಗಿ ಒಣಗಿದ ಕೊಬ್ಬರಿಯನ್ನು ಅಡುಗೆಗೆಂದು ಎತ್ತಿಡಲು ಮುಚ್ಚಳದ ಡಬ್ಬ ಯೋಗ್ಯವೇ. ಇರುವೆ, ಮಳೆಗಾಲದ ಗಾಳಿ ಎರಡರಿಂದಲೂ ಅದು ಕಾಪಾಡುತ್ತದೆ. ಆದರೆ ಪೂರ್ತಿ ಒಣಗದ ಗಿಟುಕನ್ನು, ಇಲ್ಲವೆ ಪೂಜೆಯಲ್ಲಿ ಒಡೆದು ಉಳಿದ ಹಸಿ ಹೋಳುಗಳನ್ನು ಒಂದು ಬಿಸಿಲು ತೋರಿಸಿ ಅದೇ ಡಬ್ಬಕ್ಕೆ ಸೇರಿಸಿದರೆ, ಆ ಒಂದೆರಡು ಹೋಳುಗಳ ತೇವ ಡಬ್ಬದ ಅಷ್ಟೂ ಕೊಬ್ಬರಿಗೆ ಹರಡುತ್ತದೆ. ಹಾಗೆ ಬೆಳೆಯುವ ಬೂಷ್ಟುಗಳಲ್ಲಿ ಆಸ್ಪರ್‌ಜಿಲಸ್ ಫ್ಲೇವಸ್ ಎಂಬುದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. ಯಕೃತ್ತಿಗೆ ಹಾನಿ ಮಾಡುವ, ಕ್ಯಾನ್ಸರಿಗೂ ಕಾರಣವಾಗಬಲ್ಲ ಈ ವಿಷ ಸಾಮಾನ್ಯ ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ. ಬೂಷ್ಟು ಬಂದ ಭಾಗವನ್ನು ಚಾಕುವಿನಿಂದ ಹೆರೆದು ಮಿಕ್ಕದ್ದನ್ನು ಚಟ್ನಿಗೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಅದು ಉಳಿತಾಯದಂತೆ ಕಂಡರೂ ಆರೋಗ್ಯದ ದೃಷ್ಟಿಯಿಂದ ಬಿಡಲೇಬೇಕಾದ ರೂಢಿ. ಕೊಬ್ಬರಿಯ ಮತ್ತೊಂದು ದೋಷವಾದ ಕೌಟು ತೇವದಿಂದ ಮಾತ್ರವಲ್ಲದೆ ಎಣ್ಣೆಯಂಶವು ಗಾಳಿ ಮತ್ತು ಬೆಳಕಿನೊಡನೆ ಸೇರಿ ಕೆಡುವುದರಿಂದಲೂ ಬರುತ್ತದೆ. ತುರಿದಿಟ್ಟ ಕೊಬ್ಬರಿ ಇಡೀ ಗಿಟುಕಿಗಿಂತ ಬೇಗ ಕೌಟಾಗುವುದು ಗಾಳಿ ತಾಕುವ ಮೈ ಹೆಚ್ಚಾಗುವುದರಿಂದ. ಆದಕಾರಣ ಪಾರದರ್ಶಕ ಡಬ್ಬವನ್ನು ಕಿಟಕಿಯ ಬಳಿ ಚೆಂದಕ್ಕೆ ಇಡುವ ಬದಲು ಕೊಬ್ಬರಿಯನ್ನು ಕತ್ತಲೆಯ ಕಪಾಟಿನಲ್ಲಿ, ಗಿಟುಕಾಗಿಯೇ ಇಟ್ಟು, ಬೇಕಾದಷ್ಟನ್ನು ಆಗಾಗ ತುರಿದುಕೊಳ್ಳುವುದು ಲೇಸು.

ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಸುಲಿದ ತೆಂಗಿನಕಾಯಿಗಳು ಮುಚ್ಚಳದ ಡಬ್ಬಕ್ಕೆ ಸೇರುವ ಪದಾರ್ಥಗಳೇ ಅಲ್ಲ. ಇವು ಕಿತ್ತ ಮೇಲೂ ಉಸಿರಾಡುವ, ತೇವ ಬಿಡುವ ಜೀವಂತ ವಸ್ತುಗಳಾದ್ದರಿಂದ ಇವಕ್ಕೆ ಎಲ್ಲ ಮಗ್ಗುಲಲ್ಲೂ ತೂತುಗಳಿರುವ ಜಾಲರಿಯಂಥ ಕ್ರೇಟು ಬೇಕು. ಟೊಮೆಟೊ ಸಾಗಿಸಲು ಬಳಸುವ ಕ್ರೇಟನ್ನು ತೊಳೆದು ಎರಡು ಇಟ್ಟಿಗೆಯ ಮೇಲೆ ಕೂರಿಸಿದರೆ, ಅಟ್ಟದ ಸಂದುಗಳು ಮಾಡುತ್ತಿದ್ದ ಕೆಲಸವನ್ನೇ ಅದರ ತಳದ ತೂತುಗಳು ಮಾಡುತ್ತವೆ. ಪ್ಲಾಸ್ಟಿಕ್ಕಿನ ರೂಪಗಳಲ್ಲಿ ಅಟ್ಟದ ಗುಣಕ್ಕೆ ಅತಿ ಹತ್ತಿರವಾದದ್ದು ಈ ಕ್ರೇಟೇ. ಮೇದರು ಹೆಣೆದ ಬಿದಿರಿನ ಬುಟ್ಟಿ ಸಿಗುವ ಊರುಗಳಲ್ಲಿ ಈರುಳ್ಳಿಗೆ ಅದಕ್ಕಿಂತ ಉತ್ತಮವಾದ ಇನ್ನೊಂದು ಸಾಧನವನ್ನು ಹುಡುಕಬೇಕಾಗಿಯೂ ಇಲ್ಲ. ಅಗ್ಗದ ಕ್ರೇಟು ಬಂತೆಂದು ಆ ಕಸುಬಿನ ಕೈಗಳಿಗೆ ಕೆಲಸ ತಪ್ಪುತ್ತಿರುವುದು ನೋವಿನ ಸಂಗತಿ.

ಕಾಳುಗಳದು ಬೇರೆಯೇ ತೊಡಕು. ಅವರೆ, ಅಲಸಂದೆ, ಹೆಸರು, ಹುರುಳಿಗೆ ಬೀಳುವ ಹುಳು ಡಬ್ಬದ ಹೊರಗಿನಿಂದ ಬರುವುದಕ್ಕಿಂತ ಹೆಚ್ಚಾಗಿ ಹೊಲದಲ್ಲೇ ಕಾಯಿಯ ಮೇಲಿಟ್ಟ ಮೊಟ್ಟೆಯಾಗಿ ಮನೆಗೆ ಬಂದಿರುತ್ತದೆ. ಆದ್ದರಿಂದ ಎಷ್ಟೇ ಬಿಗಿಯಾದ ಮುಚ್ಚಳವಾದರೂ, ಒಳಗೆ ಸೇರಿಯೇ ಬಂದ ಹುಳುವನ್ನು ತಡೆಯಲಾರದು. ಹಳಬರು ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದುದು, ಬೂದಿ ಬೆರೆಸುತ್ತಿದ್ದುದು, ಒಣಗಿದ ಬೇವಿನ ಸೊಪ್ಪು ಹಾಕುತ್ತಿದ್ದುದು ಇದಕ್ಕಾಗಿಯೇ. ಹಗೇವಿನ ತಂತ್ರ ಇನ್ನೂ ಸೂಕ್ಷ್ಮವಾದದ್ದು: ಬಾಯಿ ಮೆತ್ತಿದ ಗುಂಡಿಯೊಳಗೆ ಧಾನ್ಯವೂ ಹುಳುಗಳೂ ಉಸಿರಾಡಿ ಆಮ್ಲಜನಕ ತೀರಿದಾಗ ಹುಳುಗಳು ಸಾಯುತ್ತವೆ. ಮನೆಯ ಪ್ಲಾಸ್ಟಿಕ್ ಬಾಕ್ಸು ಹಗೇವಿನಷ್ಟು ಬಿಗಿಯಲ್ಲ, ಮತ್ತು ದಿನಾ ತೆರೆಯುವುದರಿಂದ ಹೊಸ ಗಾಳಿ ಒಳಹೋಗುತ್ತಲೇ ಇರುತ್ತದೆ. ಕಾಳನ್ನು ಕಡಿದರೆ ಕಟಕ್ಕನೆ ಮುರಿಯುವಷ್ಟು ಬಿಸಿಲಿನಲ್ಲಿ ಒಣಗಿಸಿ, ಆರಿಸಿ, ಡಬ್ಬವನ್ನು ಮೇಲಿನವರೆಗೆ ತುಂಬಿ ಗಾಳಿಗೆ ಜಾಗ ಕಡಿಮೆ ಮಾಡುವುದು, ತಿಂಗಳ ಬಳಕೆಗೆ ಚಿಕ್ಕ ಡಬ್ಬವನ್ನು ಬೇರೆಯಾಗಿ ಇಟ್ಟುಕೊಂಡು ದೊಡ್ಡದನ್ನು ಪದೇ ಪದೇ ತೆರೆಯದಿರುವುದು, ತಳದಲ್ಲಿ ಉಳಿದ ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯದೆ ಡಬ್ಬವನ್ನು ಬರಿದು ಮಾಡಿ ಮೂಲೆಗಳ ಹಿಟ್ಟನ್ನು ಒರೆಸಿಯೇ ತುಂಬುವುದು, ಇಷ್ಟನ್ನು ಪಾಲಿಸಿದರೆ ಹುಳುವಿನ ಕಾಟ ಬಹಳಷ್ಟು ತಗ್ಗುತ್ತದೆ. ಹೆಚ್ಚಿನ ಪ್ರಮಾಣದ ದಾಸ್ತಾನಿನ ಸಂದೇಹಗಳಿಗೆ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ.

ಡಬ್ಬ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ತಳ. ಅಲ್ಲಿ ಬಾಣಗಳ ತ್ರಿಕೋನದೊಳಗೆ ಅಚ್ಚಾಗಿರುವ ಅಂಕಿ ಪ್ಲಾಸ್ಟಿಕ್ಕಿನ ಕುಲವನ್ನು ಹೇಳುತ್ತದೆ: 2 ಎಂದರೆ ಗಡುಸು ಪಾಲಿಥೀನ್, 5 ಎಂದರೆ ಪಾಲಿಪ್ರೊಪಿಲೀನ್. ಹೆಚ್ಚಿನ ಅಂಕಿಯೆಂದರೆ ಹೆಚ್ಚಿನ ಗುಣಮಟ್ಟವೆಂದು ಕೆಲವರು ತಿಳಿಯುವುದುಂಟು. ಅಂಕಿಗೂ ಗುಣಮಟ್ಟಕ್ಕೂ ಸಂಬಂಧವಿಲ್ಲ, ಮರುಬಳಕೆಗೆ ಬೇರ್ಪಡಿಸಲೆಂದು 1988ರಲ್ಲಿ ಅಮೆರಿಕದಲ್ಲಿ ಆರಂಭವಾದ ಗುರುತು ಅದು. ಆಹಾರಕ್ಕೆ ಯೋಗ್ಯವೆಂದು ತಿಳಿಸುವುದು ಲೋಟ ಮತ್ತು ಫೋರ್ಕಿನ ಚಿತ್ರ. ಈ ಎರಡೂ ಪ್ಲಾಸ್ಟಿಕ್ಕುಗಳು ಎಣ್ಣೆಯ ಸ್ವಭಾವದವು, ನೀರನ್ನು ದೂರವಿಟ್ಟು ಜಿಡ್ಡನ್ನು ಹತ್ತಿರ ಸೇರಿಸಿಕೊಳ್ಳುವಂಥವು. ಆದ್ದರಿಂದಲೇ ಉಪ್ಪಿನಕಾಯಿ ಇಟ್ಟ ಡಬ್ಬದ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ, ಅರಿಶಿನ ಹಾಕಿದ ಡಬ್ಬ ಹಳದಿಯಾಗಿಯೇ ಉಳಿಯುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ಕರಗುವಂಥದ್ದಾದ್ದರಿಂದ ಅಂಥ ಡಬ್ಬವನ್ನು ಒಂದೆರಡು ದಿನ ಬಿಸಿಲಿಗಿಟ್ಟರೆ ಕಲೆ ಮಾಸುತ್ತದೆ. ಆದರೆ ಬಿಸಿಲಿನಲ್ಲೇ ಬಿಟ್ಟ ಪ್ಲಾಸ್ಟಿಕ್ ಕ್ರಮೇಣ ಮಂಕಾಗಿ, ಪುಡಿಪುಡಿಯಾಗಿ ಸೀಳುತ್ತದೆ. ತಾರಸಿಯ ನೀರಿನ ಟ್ಯಾಂಕುಗಳಲ್ಲಿ ಕಪ್ಪಿನವು ಹೆಚ್ಚಾಗಿರುವುದು ಅವುಗಳಲ್ಲಿ ಬೆರೆಸಿದ ಇಂಗಾಲದ ಮಸಿ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಾನೇ ಹೀರಿಕೊಳ್ಳುವುದರಿಂದ.

ಹಳ್ಳಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ನೀಲಿ ಡ್ರಮ್ಮುಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ಅವು ಗಟ್ಟಿಯಾದ ಪಾಲಿಥೀನಿನವೇ ಆದರೂ ಕಾರ್ಖಾನೆಗಳಿಗೆ ರಾಸಾಯನಿಕಗಳನ್ನು ಹೊತ್ತು ಬಂದು, ಖಾಲಿಯಾದ ಮೇಲೆ ಮಾರಾಟವಾಗುವವು ಹಲವು. ಜಿಡ್ಡನ್ನು ಹೀರಿಕೊಳ್ಳುವ ಪ್ಲಾಸ್ಟಿಕ್ ಆ ರಾಸಾಯನಿಕದ ಅಂಶವನ್ನೂ ಹೀರಿಕೊಂಡಿರಬಹುದಾದ್ದರಿಂದ, ಮೊದಲು ಏನಿತ್ತೆಂದು ತಿಳಿಯದ ಡ್ರಮ್ಮಿಗೆ ರಾಗಿಯನ್ನಾಗಲಿ ಕುಡಿಯುವ ನೀರನ್ನಾಗಲಿ ತುಂಬಬಾರದು. ಗೊಬ್ಬರ, ಹಗ್ಗ, ಹನಿ ನೀರಾವರಿಯ ಪೈಪಿನ ತುಂಡುಗಳಿಗೆ ಅದು ಸಾಕು. ತೆಂಗಿನ ರೋಗ ಕೀಟಗಳಿಗೆ ಬಳಸುವ ಔಷಧಿಯ ಡಬ್ಬಗಳಂತೂ ಖಾಲಿಯಾದ ಮೇಲೂ ಮನೆಯೊಳಗೆ ಬರಬಾರದು. ಅವುಗಳನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಮತ್ತೆ ಯಾರೂ ಬಳಸದಂತೆ ಡಬ್ಬಕ್ಕೆ ತೂತು ಮಾಡಿಬಿಡಬೇಕು.

ಜೋಡಣೆಯ ವಿಷಯದಲ್ಲಿ ತೂಕವೇ ಮೊದಲ ನಿಯಮ. ಒಂದು ಲೀಟರ್ ಅಳತೆಯ ರಾಗಿ ಮುಕ್ಕಾಲು ಕೆಜಿಯಷ್ಟು ತೂಗುವುದರಿಂದ 25 ಲೀಟರಿನ ಬಾಕ್ಸು ತುಂಬಿದರೆ 18–19 ಕೆಜಿ ಆಗುತ್ತದೆ. ಅದನ್ನು ಸಜ್ಜಾದ ಮೇಲಿಟ್ಟು ಸ್ಟೂಲು ಹತ್ತಿ ಇಳಿಸುವುದು ಬೀಳುವುದಕ್ಕೆ ದಾರಿ. ಸಜ್ಜಾ ಹಗುರವಾದ, ವರ್ಷಕ್ಕೊಮ್ಮೆ ಬೇಕಾಗುವ ವಸ್ತುಗಳಿಗೆ ಸಲ್ಲಬೇಕು: ದಸರಾ ಗೊಂಬೆಗಳು, ಹಬ್ಬದ ತೋರಣ, ಕೂಸಿನ ಹಳೆಯ ಕುಲಾವಿ, ಚಳಿಗಾಲದ ಕಂಬಳಿ. ಸೊಂಟದ ಎತ್ತರದ ಕಪಾಟು ದಿನಬಳಕೆಗೆ, ನೆಲ ಭಾರಕ್ಕೆ. ಬಾಕ್ಸಿನ ಹೆಸರನ್ನು ಮುಚ್ಚಳದ ಮೇಲಲ್ಲದೆ ಎದುರಿಗೆ ಕಾಣುವ ಮಗ್ಗುಲಿಗೆ ಬರೆದು ಅಂಟಿಸುವುದು ಸರಿ, ಏಕೆಂದರೆ ಮುಚ್ಚಳಗಳು ಒಂದಕ್ಕೊಂದು ಬದಲಾಗುತ್ತವೆ. ಹೆಸರಿನ ಜೊತೆಗೆ ತುಂಬಿದ ತಿಂಗಳನ್ನೂ ಬರೆದರೆ ಹಳೆಯದು ಮೊದಲು ಖರ್ಚಾಗುತ್ತದೆ. ರೇಷ್ಮೆ ಸೀರೆಗಳನ್ನು ನೇರವಾಗಿ ಪ್ಲಾಸ್ಟಿಕ್ಕಿಗೆ ತಾಕುವಂತೆ ಮಡಿಸಿಡದೆ ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ತೇವ ಬಟ್ಟೆಗೆ ಹೋಗಿ ಜರಿ ಕಪ್ಪಾಗುವುದು ತಪ್ಪುತ್ತದೆ. ಜಮೀನಿನ ಪತ್ರ, ಪಾಸ್‌ಬುಕ್ಕು, ಮಕ್ಕಳ ಅಂಕಪಟ್ಟಿಗಳಿಗೆ ಚಪ್ಪಟೆಯಾದ ಮುಚ್ಚಳದ ಬಾಕ್ಸು ಹಳೆಯ ಟ್ರಂಕಿಗಿಂತ ಮೇಲು. ಸೂರು ಸೋರಿದರೂ ನೀರು ಒಳಗಿಳಿಯದು, ಕಾಗದಕ್ಕೆ ತುಕ್ಕಿನ ಕಲೆ ಹತ್ತದು. ಆದರೆ ಇಲಿ, ಹೆಗ್ಗಣಗಳಿಗೆ ಪ್ಲಾಸ್ಟಿಕ್ ತಡೆಯಲ್ಲ. ಕೊಬ್ಬರಿಯ ವಾಸನೆ ಹಿಡಿದರೆ ಅವು ಒಂದೇ ರಾತ್ರಿಯಲ್ಲಿ ಮೂಲೆ ಕಡಿದು ತೂತು ಮಾಡಬಲ್ಲವು. ಇಲಿಯ ಕಾಟವಿರುವ ಶೆಡ್ಡಿಗೆ ಇಂದಿಗೂ ಬಿಗಿಯಾದ ಮುಚ್ಚಳದ ತಗಡಿನ ಡಬ್ಬವೇ ಸರಿ.

ಒಡೆದ ಡಬ್ಬದ ಗತಿ ಏನು ಎಂಬ ಪ್ರಶ್ನೆಗೆ ತೆಂಗಿನ ಸೀಮೆ ಕೊಡುತ್ತಿರುವ ಉತ್ತರ ಕಳವಳ ಹುಟ್ಟಿಸುವಂಥದ್ದು. ಮಟ್ಟೆ, ಕರಟ, ಸೋಗೆ, ಕುರುಂಬಾಳೆ ಹೇರಳವಾಗಿ ಸಿಗುವ ಈ ಸೀಮೆಯಲ್ಲಿ ಬಚ್ಚಲ ಹಂಡೆಯ ಒಲೆ ದಿನವೂ ಉರಿಯುತ್ತದೆ, ಮತ್ತು ಬೆಂಕಿ ಬೇಗ ಹತ್ತಲೆಂದು ಪ್ಲಾಸ್ಟಿಕ್ ಕವರನ್ನೋ ಒಡೆದ ಡಬ್ಬದ ಚೂರನ್ನೋ ಅದಕ್ಕೆ ತುರುಕುವ ಅಭ್ಯಾಸ ಬೆಳೆದಿದೆ. ಸಣ್ಣ ಒಲೆಯಲ್ಲಿ ಅರೆಬರೆ ಉರಿಯುವ ಪ್ಲಾಸ್ಟಿಕ್ ವಿಷಕಾರಿ ಹೊಗೆ ಮತ್ತು ಮಸಿಯನ್ನು ಬಿಡುತ್ತದೆ. ಪೈಪು, ವೈರುಗಳಲ್ಲಿರುವ ಪಿವಿಸಿಯ ಚೂರು ಸೇರಿದರೆ ಡಯಾಕ್ಸಿನ್ನಿನಂಥ ಘೋರ ವಿಷಗಳೂ ಹುಟ್ಟುತ್ತವೆ. ಒಲೆಯ ಮುಂದೆ ಕೂತು ಊದುವವರು, ಅದೇ ಬಚ್ಚಲಲ್ಲಿ ಸ್ನಾನ ಮಾಡುವ ಮಕ್ಕಳು ಇದನ್ನು ಉಸಿರಾಡುತ್ತಾರೆ. ಒಣಗಿದ ಕುರುಂಬಾಳೆ ಒಂದೇ ಕಡ್ಡಿಗೆ ಹೊತ್ತಿಕೊಳ್ಳುವಾಗ ಪ್ಲಾಸ್ಟಿಕ್ಕಿನ ಅಗತ್ಯವಾದರೂ ಏನು? 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದದ್ದು ಸ್ಟ್ರಾ, ಚಮಚ, ತಟ್ಟೆಗಳಂಥ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳು. ಹತ್ತಾರು ವರ್ಷ ಬಾಳುವ ಡಬ್ಬಗಳು ಆ ಪಟ್ಟಿಯಲ್ಲಿಲ್ಲ. 2 ಮತ್ತು 5ರ ಗುರುತಿನ ಈ ಎರಡೂ ಪ್ಲಾಸ್ಟಿಕ್ಕುಗಳನ್ನು ಕರಗಿಸಿ ಮತ್ತೆ ಬಕೆಟ್ಟು, ಕುಂಡ, ಪೈಪು ಮಾಡಬಹುದಾದ್ದರಿಂದ, ಸೈಕಲ್ಲಿನಲ್ಲೋ ಗಾಡಿಯಲ್ಲೋ ಬೀದಿಗೆ ಬರುವ ಗುಜರಿಯವರಿಗೆ ಒಡೆದ ಡಬ್ಬವನ್ನು ತೊಳೆದು ಕೊಡುವುದೇ ಸರಿಯಾದ ವಿಲೇವಾರಿ.

ತುಮಕೂರು ಜಿಲ್ಲೆಗೆ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೀಳುತ್ತದೆ. ಗಾಳಿ ಹೆಚ್ಚು ತೇವವಾಗಿರುವುದೂ, ನವರಾತ್ರಿಗೆಂದು ಮನೆಯ ಡಬ್ಬಗಳೆಲ್ಲ ಕೆಳಗಿಳಿಯುವುದೂ ಅದೇ ದಿನಗಳಲ್ಲಿ. ಮೋಡ ಕವಿದ ಆ ದಿನಗಳಲ್ಲಿ ಪದಾರ್ಥಗಳ ಡಬ್ಬಗಳನ್ನು ತೆರೆದು ಬದಲಿಸುವುದಕ್ಕಿಂತ ಹೊರಮೈ ಒರೆಸಿ ಹಾಗೆಯೇ ಇಟ್ಟು, ಮಳೆ ಹಿಂದೆಗೆದು ಒಣಗಾಳಿ ಬೀಸತೊಡಗಿದ ಮೇಲೆ ಒಂದೊಂದನ್ನೇ ಬರಿದು ಮಾಡಿ ತೊಳೆಯುವುದು ಉಚಿತ. ಅಂಗಳದ ಬಿಸಿಲಿನಲ್ಲಿ ಒಂದೆಡೆ ಅಟ್ಟದಿಂದಿಳಿದ ಕಾಯಿಯ ಮಟ್ಟೆ ಸುಲಿಯುವ ಕೆಲಸ ನಡೆದಿರುವಾಗ, ಇನ್ನೊಂದೆಡೆ ಬೋರಲು ಹಾಕಿದ ಡಬ್ಬಗಳೂ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ ಮುಚ್ಚಳಗಳೂ ಒಂದು ಮಧ್ಯಾಹ್ನದೊಳಗೆ ಒಣಗಿಬಿಡುತ್ತವೆ.